ವಾಟರ್‌ಪ್ರೂಫ್ ಕ್ಯಾಮೆರಾದ ಮುಚ್ಚಿದ ದನಿ: ಮಳೆಗೆ, ಕಡಲಿಗೆ, ಸುರಂಗಕ್ಕೆ ಯಾವ ದಾರಿ ಸರಿ?

ಮೈಗೋ ಬೈಕಿಗೋ ಸಿಕ್ಕಿಸುವ ಚಿಕ್ಕ ಆ್ಯಕ್ಷನ್ ಕ್ಯಾಮೆರಾ ಈಗ ನಮ್ಮ ಕಾಸರಗೋಡಿನ ಕಡೆ ಅಪರೂಪದ ವಸ್ತುವಲ್ಲ. ಪೈವಳಿಕೆಯ ಕಂಬಳ, ಕುಂಬಳೆ ಕೊಯಿಪ್ಪಾಡಿಯ ಕಡಲ ಕರೆ, ಬಾಯಾರು, ಎಣ್ಮಕಜೆ ಕಡೆಯ ನೀರಿನ ಸುರಂಗಗಳು, ಮಳೆ ಬಿಟ್ಟ ಹೊತ್ತು ನೋಡಿ ಅಡಿಕೆಗೆ ಮದ್ದು ಬಿಡುವ ಕೆಲಸ, ಎಲ್ಲವನ್ನೂ ಅದರಲ್ಲಿ ಹಿಡಿಯುವವರಿದ್ದಾರೆ. ಚಿತ್ರದ ಬಗ್ಗೆ ಯಾರದ್ದೂ ತಕರಾರಿಲ್ಲ. ತಕರಾರು ಇರುವುದೆಲ್ಲ ದನಿಯದ್ದು. ಮಾತಾಡಿದ್ದು ಕಂಬಳಿ ಹೊದ್ದು ಮಾತಾಡಿದ ಹಾಗೆ ಕೇಳುತ್ತದೆ. ಯಾರು ಮಾತಾಡುತ್ತಿದ್ದಾರೆ ಎಂದು ಗೊತ್ತಾಗುತ್ತದೆ, ಏನು ಹೇಳಿದರು ಎಂದು ಗೊತ್ತಾಗುವುದಿಲ್ಲ.

ಈ ತಕರಾರಿಗೆ ಅಂಗಡಿಯಲ್ಲಿ ಸಿಗುವ ಉತ್ತರ ಒಂದೇ: ‘ಹೊಸ ಮೈಕ್ ತೆಗೆದುಕೊಳ್ಳಿ.’ ಕೆಲವರಿಗೆ ಅದು ಸರಿಯಾದ ಉತ್ತರ. ಹೆಚ್ಚಿನವರಿಗೆ ಅಲ್ಲ. ದನಿ ಮುಚ್ಚಿಹೋಗುವುದಕ್ಕೆ ಬೇರೆ ಬೇರೆ ಕಾರಣಗಳಿವೆ. ಒಂದರ ಮದ್ದು ಇನ್ನೊಂದಕ್ಕೆ ತಾಗುವುದಿಲ್ಲ. ಹಾಗಾಗಿ ಯಾವ ದಾರಿ ಹಿಡಿಯಬೇಕು ಎನ್ನುವ ಮೊದಲು ಒಂದು ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿಕೊಳ್ಳಬೇಕು: ನೀವು ಹಿಡಿಯುವ ದೃಶ್ಯದಲ್ಲಿ ಕ್ಯಾಮೆರಾಕ್ಕೆ ನಿಜವಾಗಿ ಎಷ್ಟು ನೀರು ತಾಗುತ್ತದೆ? ಹನಿಯೋ, ಅಲೆಯೋ, ಮುಳುಗೋ? ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಜನ ಮುಳುಗುವುದಕ್ಕೆ ಬೇಕಾದ ರಕ್ಷಣೆಯನ್ನು ಹನಿಗೆ ಹಾಕಿ, ಅದರ ಬೆಲೆಯನ್ನು ದನಿಯಲ್ಲಿ ತೆರುತ್ತಿದ್ದಾರೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಕಾರಣ ಹಿಡಿಯಿರಿ

ಇದಕ್ಕೆ ದುಡ್ಡು ಬೇಡ, ಒಂದು ಕೋಣೆ ಸಾಕು. ಫ್ಯಾನ್ ಆರಿಸಿ, ಬಾಗಿಲು ಹಾಕಿ, ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ಒಂದು ಮಾರು ದೂರ ನಿಂತು ಒಂದು ವಾಕ್ಯ ಹೇಳಿ. ವಾಕ್ಯದಲ್ಲಿ ಸ, ಶ, ಚ ಹೆಚ್ಚಿರಬೇಕು. ‘ಸಂಜೆ ಶಾಲೆ ಬಿಟ್ಟ ಮೇಲೆ ಶಶಿ ಚಾವಡಿಯಲ್ಲಿ ಚಕ್ಕುಲಿ ತಿಂದ’ ಎಂದರೂ ಆಯಿತು. ಒಮ್ಮೆ ಕೇಸ್ (ನೀರು ತಡೆಯುವ ಹೊರಗಿನ ಪ್ಲಾಸ್ಟಿಕ್ ಪೆಟ್ಟಿಗೆ) ಹಾಕಿ ಹೇಳಿ, ಒಮ್ಮೆ ಕೇಸ್ ತೆಗೆದು ಹೇಳಿ. ಕ್ಯಾಮೆರಾದ ಮೈಯೇ ವಾಟರ್‌ಪ್ರೂಫ್ ಆಗಿದ್ದರೆ, ಬಕೆಟಿನ ನೀರಲ್ಲಿ ಅದ್ದಿ ತೆಗೆದ ಕೂಡಲೇ ಇನ್ನೊಮ್ಮೆ ಹೇಳಿ. ಮೂರನ್ನೂ ಇಯರ್‌ಫೋನಿನಲ್ಲಿ ಕೇಳಿ. ಕ್ಯಾಮೆರಾದ ಚಿಕ್ಕ ಸ್ಪೀಕರನ್ನು ನಂಬಬೇಡಿ. ಅದರಲ್ಲಿ ಎಲ್ಲವೂ ಮಂಕಾಗಿಯೇ ಕೇಳುತ್ತದೆ.

ಸ, ಶ, ಚಗಳೇ ಯಾಕೆ ಅಂದರೆ, ಸ್ವರಗಳ ಬಲವೆಲ್ಲ ಹೆಚ್ಚು ಕಡಿಮೆ 1000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಒಳಗೆ ಇರುತ್ತದೆ. ಈ ವ್ಯಂಜನಗಳ ಬಲ ಇರುವುದು 3000ದಿಂದ 8000 ಹರ್ಟ್ಸ್ ಸುತ್ತಮುತ್ತ. ಮುಚ್ಚಿದ ಪೆಟ್ಟಿಗೆಯ ಗೋಡೆ ಎಲ್ಲ ದನಿಯನ್ನೂ ಒಂದೇ ಸಮ ತಡೆಯುವುದಿಲ್ಲ. ದನಿಯ ಕಂಪನ ಎರಡು ಪಟ್ಟಾದ ಹಾಗೆಲ್ಲ ತಡೆ ಸುಮಾರು 6 ಡೆಸಿಬಲ್ ಹೆಚ್ಚುತ್ತ ಹೋಗುತ್ತದೆ. ಹಾಗಾಗಿ ‘ಆ’, ‘ಓ’ಗಳು ಒಳಗೆ ಹೋಗುತ್ತವೆ, ‘ಸ’ ಹೊರಗೇ ಉಳಿಯುತ್ತದೆ. ನಾವು ‘ಮುಚ್ಚಿದ ದನಿ’ ಎನ್ನುವುದು ಇದನ್ನೇ.

ಕೇಸ್ ತೆಗೆದಾಗ ಮಾತು ತಿಳಿಯಾದರೆ ಕಾರಣ ಕೇಸ್. ಕೇಸ್ ಇಲ್ಲದೆಯೂ, ಒಣಗಿದ್ದಾಗಲೂ ಮಂಕಾಗಿದ್ದರೆ ಮೈಕಿನ ತೂತಿಗೆ ಏನೋ ಅಡ್ಡ ಬಂದಿದೆ. ಅದ್ದಿದ ಮೇಲೆ ಮಾತ್ರ ಮಂಕಾದರೆ ತೂತಿನಲ್ಲಿ ನೀರು ನಿಂತಿದೆ. ಕೋಣೆಯಲ್ಲಿ ಮೂರೂ ಚೆನ್ನಾಗಿ ಬಂದು ಬೈಕಿನ ಮೇಲೆ, ದೋಣಿಯ ಮೇಲೆ ಮಾತ್ರ ಕೆಟ್ಟರೆ ಅದು ಗಾಳಿಯದ್ದು, ಅಥವಾ ಗಾಳಿಯ ಸದ್ದು ತಗ್ಗಿಸಲು ಕ್ಯಾಮೆರಾ ತಾನಾಗಿ ಮಾಡುವ ಕತ್ತರಿ ಕೆಲಸದ್ದು. ಇಷ್ಟು ಗೊತ್ತಾದ ಮೇಲೆ ದಾರಿ ಆರಿಸುವುದು ಸುಲಭ.

ಕೇಸ್ ಬೇಕೋ ಬೇಡವೋ

ಇಲ್ಲಿ ಕ್ಯಾಮೆರಾಗಳಲ್ಲಿ ಎರಡು ಜಾತಿ. ಗೋಪ್ರೊ ಹೀರೋ 4ರ ತನಕದ ಹಳೆಯ ಬ್ಲ್ಯಾಕ್ ಮಾದರಿಗಳು, ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುವ ಬಹುತೇಕ ‘4ಕೆ ಸ್ಪೋರ್ಟ್ಸ್’ ಕ್ಯಾಮೆರಾಗಳು, ಇವುಗಳ ಮೈಗೆ ನೀರು ತಾಗಬಾರದು. ನೀರು ತಡೆಯುವುದು ಹೊರಗಿನ ಪ್ಲಾಸ್ಟಿಕ್ ಪೆಟ್ಟಿಗೆ ಮಾತ್ರ. ‘30 ಮೀಟರ್’ ಎಂದು ಪೆಟ್ಟಿಗೆಗೆ ಬರೆದದ್ದನ್ನು ಕ್ಯಾಮೆರಾಕ್ಕೇ ಬರೆದದ್ದು ಎಂದು ತಿಳಿದು ಹೊಳೆಗೆ ಇಳಿಸಿದರೆ ಕ್ಯಾಮೆರಾ ಹೋಯಿತು ಎಂದೇ ಲೆಕ್ಕ. ಎರಡನೆಯ ಜಾತಿಯಲ್ಲಿ ಮೈಯೇ ನೀರು ತಡೆಯುತ್ತದೆ. 2016ರ ಗೋಪ್ರೊ ಹೀರೋ 5 ಬ್ಲ್ಯಾಕ್‌ನಿಂದ ಈಚೆಗೆ ಆ ಸಾಲಿನ ಕ್ಯಾಮೆರಾಗಳು ಪೆಟ್ಟಿಗೆ ಇಲ್ಲದೆ 10 ಮೀಟರ್ ಇಳಿಯುತ್ತವೆ. ಡಿಜೆಐ ಆಸ್ಮೋ ಆ್ಯಕ್ಷನ್ 4ಕ್ಕೆ 18 ಮೀಟರ್, ಆ್ಯಕ್ಷನ್ 5 ಪ್ರೊಗೆ 20 ಮೀಟರ್ ಎಂದು ಕಂಪನಿಯೇ ಹೇಳುತ್ತದೆ. ಇವುಗಳಿಗೆ ಬೇರೆಯಾಗಿ ಮಾರುವ 60 ಮೀಟರಿನ ಪೆಟ್ಟಿಗೆ ಆಳಕ್ಕೆ ಧುಮುಕುವವರದ್ದು. ಪಯಸ್ವಿನಿಯಲ್ಲಿ ಈಜುವವರಿಗೆ, ಮನೆಯ ಕೆರೆಗೆ ಹಾರುವ ಮಕ್ಕಳನ್ನು ಹಿಡಿಯುವವರಿಗೆ ಅದರ ಅಗತ್ಯವೇ ಇಲ್ಲ.

ಎರಡನೆಯ ಜಾತಿಯ ಕ್ಯಾಮೆರಾ ಇದ್ದೂ ‘ಇರಲಿ, ಸೇಫ್ಟಿಗೆ’ ಎಂದು ಪೆಟ್ಟಿಗೆ ಹಾಕಿ ಮಳೆಯಲ್ಲಿ ಹಿಡಿಯುವವರಿಗೆ ನನ್ನ ಮಾತು ಒಂದೇ: ತೆಗೆದುಬಿಡಿ. ಇದಕ್ಕಿಂತ ದೊಡ್ಡ ಸುಧಾರಣೆ ಯಾವ ಮೈಕಿನಿಂದಲೂ ಬಾರದು, ಖರ್ಚೂ ಇಲ್ಲ. ಪೆಟ್ಟಿಗೆ ದನಿ ತಡೆಯುವುದಷ್ಟೇ ಅಲ್ಲ, ತನ್ನದೇ ದನಿಯನ್ನು ಸೇರಿಸುತ್ತದೆ. ಹಿಡಿದ ಬೆರಳು ಜಾರಿದ್ದು, ಪಟ್ಟಿ ಉಜ್ಜಿದ್ದು, ಮಳೆಹನಿ ಬಿದ್ದದ್ದು, ಎಲ್ಲವೂ ಪ್ಲಾಸ್ಟಿಕ್ಕಿನ ಮೂಲಕ ನೇರ ಒಳಗೆ ಹೋಗಿ ಮಾತಿಗಿಂತ ದೊಡ್ಡದಾಗಿ ಕೇಳುತ್ತವೆ.

ಮೊದಲ ಜಾತಿಯವರಿಗೆ ಆಯ್ಕೆ ಸ್ವಲ್ಪ ಕಷ್ಟದ್ದು. ಹಳೆಯ ಗೋಪ್ರೊಗಳಿಗೆ ಹಿಂಬದಿಯಲ್ಲಿ ಸೀಳುಗಳಿರುವ ಬಾಗಿಲು ಸಿಗುತ್ತಿತ್ತು; ಪೆಟ್ಟು, ಧೂಳು ತಡೆಯುತ್ತದೆ, ದನಿ ಬಿಡುತ್ತದೆ, ನೀರನ್ನೂ ಬಿಡುತ್ತದೆ. ಅಗ್ಗದ ಕ್ಯಾಮೆರಾಗಳ ಡಬ್ಬದಲ್ಲಿ ಬರೀ ಚೌಕಟ್ಟಿನ ಒಂದು ತುಂಡು ಇರುತ್ತದೆ, ಹಲವರು ಅದನ್ನು ಬಿಚ್ಚಿಯೂ ನೋಡಿರುವುದಿಲ್ಲ. ಆಟಕ್ಕೆ (ಯಕ್ಷಗಾನಕ್ಕೆ), ತಾಳಮದ್ದಳೆಗೆ, ದೈವದ ಕೋಲಕ್ಕೆ, ಮದುವೆಗೆ ಇದೇ ಸರಿ. ಬಯಲಾಟಕ್ಕೆ ನೀರಿನ ಪೆಟ್ಟಿಗೆ ಹಾಕುವುದಕ್ಕೆ ಕಾರಣವೇ ಇಲ್ಲ. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲಲ್ಲವೇ ನಮ್ಮಲ್ಲಿ ಮಳೆ ಹಿಡಿಯುವುದು? ಮಳೆಗಾಲದ ಆಟಗಳು ಹೇಗೂ ಸಭಾಭವನದ ಒಳಗೆ.

ಪೆಟ್ಟಿಗೆಗೆ ಡ್ರಿಲ್ಲಿನಲ್ಲಿ ತೂತು ಕೊರೆಯುವುದೂ ಒಂದು ದಾರಿ ಎಂದು ಹೇಳುವವರಿದ್ದಾರೆ. ಎರಡು ಪೆಟ್ಟಿಗೆ ಇದ್ದು ಒಂದನ್ನು ಒಣ ಕೆಲಸಕ್ಕೆಂದೇ ಮೀಸಲಿಟ್ಟು, ಅದರ ಮೇಲೆ ದೊಡ್ಡದಾಗಿ ಗುರುತು ಹಾಕಿಡುವವರು ಮಾಡಬಹುದು. ಒಂದೇ ಪೆಟ್ಟಿಗೆ ಇದ್ದವರು ಆ ಕೆಲಸಕ್ಕೆ ಕೈ ಹಾಕಬೇಡಿ.

ಮೈಕಿನ ತೂತಿನಲ್ಲಿ ನಿಂತ ನೀರು

ಮೈಯೇ ವಾಟರ್‌ಪ್ರೂಫ್ ಆದ ಕ್ಯಾಮೆರಾದಲ್ಲಿ ಮೈಕಿನ ಮುಂದೆ ತೆಳ್ಳಗಿನ ಒಂದು ಪೊರೆ ಇರುತ್ತದೆ. ಗಾಳಿ ದಾಟುತ್ತದೆ, ನೀರು ದಾಟುವುದಿಲ್ಲ. ನೀರಿನಿಂದ ಮೇಲೆತ್ತಿದಾಗ ತೂತಿನಲ್ಲಿ ಒಂದು ಹನಿ ನಿಂತರೂ ಪೊರೆ ಭಾರವಾಗುತ್ತದೆ, ಬೇಗ ಬೇಗ ಅಲುಗಾಡಲಾರದು. ಮೊದಲು ಹೋಗುವುದು ಮತ್ತೆ ಅದೇ ‘ಸ’, ‘ಶ’. ಇದು ಕೆಟ್ಟುಹೋದದ್ದಲ್ಲ, ಒದ್ದೆಯಾದದ್ದು. ಈ ವ್ಯತ್ಯಾಸ ಗೊತ್ತಿಲ್ಲದೆ ರಿಪೇರಿಗೆ ಕೊಟ್ಟವರು ಬಹಳ.

ಮೈಕಿನ ತೂತು ಕೆಳಮುಖವಾಗುವಂತೆ ಹಿಡಿದು ನಾಲ್ಕೈದು ಸಲ ಜೋರಾಗಿ ಕೊಡವಿ. ತೂತು ಎಲ್ಲಿದೆ ಎಂದು ಮನೆಯಲ್ಲೇ ನೋಡಿಟ್ಟುಕೊಂಡಿರಿ. ಮುಂದೆ, ಬದಿಯಲ್ಲಿ, ಕೆಳಗೆ, ಒಂದಕ್ಕಿಂತ ಹೆಚ್ಚು ಕಡೆ ಇರುತ್ತದೆ. ಒಣ ಹತ್ತಿ ಬಟ್ಟೆಯನ್ನು ಒತ್ತಿ ಹಿಡಿದರೆ ಹನಿಯನ್ನು ಎಳೆದುಕೊಳ್ಳುತ್ತದೆ. ಸೂಜಿ, ಪಿನ್ನು, ಕಡ್ಡಿ ಹಾಕಬಾರದು. ಪೊರೆ ತೂತಾದರೆ ವಾಟರ್‌ಪ್ರೂಫ್ ಎಂಬ ಮಾತು ಅಲ್ಲಿಗೇ ಮುಗಿಯಿತು. ಪಂಕ್ಚರ್ ಅಂಗಡಿಯ ಗಾಳಿ ಪೈಪು, ಹೇರ್ ಡ್ರೈಯರ್ ಎರಡೂ ಬೇಡ. ಒದ್ದೆಯಾದದ್ದನ್ನೆಲ್ಲ ಒಲೆಯ ಮೇಲಿನ ಅಟ್ಟದಲ್ಲಿಡುವ ಅಭ್ಯಾಸ ನಮ್ಮ ಹಳೆ ಮನೆಗಳಲ್ಲಿ ಇನ್ನೂ ಇದೆ. ಬ್ಯಾಟರಿಗೆ, ಅಂಟಿಗೆ, ಲೆನ್ಸಿಗೆ ಆ ಬಿಸಿ, ಹೊಗೆ ಎರಡೂ ಕೇಡು. ಅಕ್ಕಿ ಡಬ್ಬದಲ್ಲಿ ಹೂತರೆ ಹಿಟ್ಟಿನ ಪುಡಿ ತೂತಿಗೆ ಹೋಗಿ ಕೂರುತ್ತದೆ. ಗಾಳಿಯಾಡದ ಒಂದು ಸ್ಟೀಲು ಅಥವಾ ಪ್ಲಾಸ್ಟಿಕ್ ಡಬ್ಬ, ಅದರಲ್ಲಿ ಸಿಲಿಕಾ ಜೆಲ್, ಒಂದು ರಾತ್ರಿ. ಆಷಾಢದ ನಮ್ಮ ತಂಡಿಯಲ್ಲಿ ಇದು ಲೆನ್ಸಿಗೆ ಹಿಡಿಯುವ ಬೂಸ್ಟಿಗೂ ಮದ್ದು.

ಕಡಲಿಗೆ ಇಳಿದವರಿಗೆ ಇನ್ನೊಂದು ಕೆಲಸ ಇದೆ. ಉಪ್ಪುನೀರು ತೂತಿನಲ್ಲೇ ಆರಿದರೆ ಉಪ್ಪಿನ ಹರಳು ಉಳಿಯುತ್ತದೆ, ಅದು ಕೊಡವಿದರೆ ಬೀಳುವುದಿಲ್ಲ. ಮನೆಗೆ ಬಂದ ಕೂಡಲೇ, ಎಲ್ಲ ಬಾಗಿಲೂ ಭದ್ರವಾಗಿ ಮುಚ್ಚಿದ್ದನ್ನು ನೋಡಿ, ಬಾವಿ ನೀರಿನಲ್ಲಿ ಕಾಲು ಗಂಟೆ ಇಟ್ಟು ಆಮೇಲೆ ಒಣಗಿಸಿ. ನಲ್ಲಿಯ ರಭಸದ ಕೆಳಗೆ ಹಿಡಿಯಬೇಡಿ.

ಒಣಗಿದರೂ ದನಿ ತಿಳಿಯಾಗದಿದ್ದರೆ ಮೈಮೇಲೆ ತೊಡಿಸಿದ ಸಿಲಿಕಾನ್ ಕವಚವನ್ನು ನೋಡಿ. ಬೇರೆ ಮಾದರಿಯ ಕವಚ ಸಿಕ್ಕಿತೆಂದು ಹಾಕಿದ್ದರೆ ತೂತು ತೂತಿಗೆ ಸೇರುವುದಿಲ್ಲ. ಎದೆಗೆ ಕಟ್ಟುವ ಪಟ್ಟಿಯಲ್ಲಿ ಹಾಕಿದಾಗ ಕೆಳಗಿನ ಮೈಕು ಅಂಗಿಗೆ ಒತ್ತಿಕೊಂಡಿರುವುದೂ ಉಂಟು.

ಹೊರಗಿನ ಮೈಕು: ಬಾಗಿಲು ತೆರೆಯಬೇಕೋ ಬೇಡವೋ ಎಂಬುದೇ ಪ್ರಶ್ನೆ

ಇದನ್ನು ಅಂಗಡಿಯವರು ಹೇಳುವುದೇ ಇಲ್ಲ. ಕ್ಯಾಮೆರಾಕ್ಕೆ ತಂತಿಯಲ್ಲಿ ಮೈಕು ಸಿಕ್ಕಿಸಬೇಕಾದರೆ ಯುಎಸ್‌ಬಿ ಬಾಗಿಲು ತೆರೆದಿರಬೇಕು, ಅಥವಾ ಅದನ್ನು ತೆಗೆದೇ ಇಡಬೇಕು. ಬಾಗಿಲು ತೆರೆದ ಕ್ಷಣಕ್ಕೆ ಕ್ಯಾಮೆರಾ ವಾಟರ್‌ಪ್ರೂಫ್ ಅಲ್ಲ. ಗೋಪ್ರೊದ ಮೈಕ್ ಅಡಾಪ್ಟರ್ ಇರಲಿ, ಮೀಡಿಯಾ ಮಾಡ್ ಎಂಬ ಮೈಕು ಸೇರಿದ ಚೌಕಟ್ಟು ಇರಲಿ, ಹಾಕಿದ ಮೇಲೆ ನೀರಿಗೆ ಇಳಿಸುವಂತಿಲ್ಲ. ಸಾಮಾನ್ಯ ವೈರ್‌ಲೆಸ್ ಮೈಕಿನಲ್ಲೂ ಇದೇ ಕತೆ: ಮಾತಾಡುವವರ ಕಾಲರಿನಲ್ಲಿ ಇರುವುದಕ್ಕೆ ತಂತಿ ಇಲ್ಲ, ಆದರೆ ಅದರ ರಿಸೀವರ್ ಕ್ಯಾಮೆರಾದ ಯುಎಸ್‌ಬಿಗೆ ಸಿಕ್ಕಬೇಕು.

ಬಾಗಿಲು ಮುಚ್ಚಿಟ್ಟೇ ಹೊರಗಿನ ಮೈಕು ಬಳಸಬೇಕಾದರೆ ದಾರಿ ಬ್ಲೂಟೂತ್. 2023ರ ಗೋಪ್ರೊ ಹೀರೋ 12 ಬ್ಲ್ಯಾಕ್‌ಗೆ ಬ್ಲೂಟೂತ್ ಮೈಕನ್ನೋ ಇಯರ್‌ಬಡ್ಸನ್ನೋ ಜೋಡಿಸಬಹುದು. ಆಸ್ಮೋ ಆ್ಯಕ್ಷನ್ 4, 5 ಪ್ರೊಗಳಿಗೆ ಡಿಜೆಐ ಮೈಕ್ 2ರ ಟ್ರಾನ್ಸ್‌ಮಿಟರನ್ನು ರಿಸೀವರ್ ಇಲ್ಲದೆ ನೇರ ಜೋಡಿಸಲಾಗುತ್ತದೆ. ಇಯರ್‌ಬಡ್ಸಿನ ಮೈಕು ಫೋನಿನ ಮಾತಿಗೆಂದು ಮಾಡಿದ್ದು, ಮಾತು ಅರ್ಥವಾಗುತ್ತದೆ, ತುಂಬು ದನಿ ಬಾರದು. ಡಿಜೆಐ ಜೋಡಿಯ ದನಿ ಅದಕ್ಕಿಂತ ಬಹಳ ಮೇಲು. ಮಳೆಗಾಲದಲ್ಲಿ ಜನರ ಮಾತನ್ನೇ ಹಿಡಿಯುವ ಕೆಲಸ ಇದ್ದವರು ಹೊಸದಾಗಿ ಕೊಳ್ಳುವುದಾದರೆ ನಾನು ಈ ಜೋಡಿಯನ್ನೇ ಹೇಳುತ್ತೇನೆ. ಈಗಾಗಲೇ ಬೇರೆ ಕ್ಯಾಮೆರಾ ಇದ್ದವರು ಅದಕ್ಕೋಸ್ಕರ ಮಾರಿ ಕೊಳ್ಳಬೇಕಾಗಿಲ್ಲ, ಮುಂದೆ ಹೇಳುವ ಅಗ್ಗದ ದಾರಿ ಇದೆ.

ಎರಡು ಎಚ್ಚರ. ಕ್ಯಾಮೆರಾ ನೀರು ತಡೆದರೂ ಕಾಲರಿನ ಟ್ರಾನ್ಸ್‌ಮಿಟರ್ ತಡೆಯುವುದಿಲ್ಲ. ಅದನ್ನು ಜಿಪ್ ಇರುವ ಚಿಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಂಗಿಯ ಒಳಜೇಬಿಗೆ ಇಟ್ಟು, ತಂತಿಯ ಕಾಲರ್ ಮೈಕನ್ನು ಮಾತ್ರ ಹೊರಗೆ ತನ್ನಿ. ತಂತಿ ಚೀಲದ ಬಾಯಿಗೆ ಸೇರುವ ಮೊದಲು ಕೆಳಕ್ಕೆ ಒಂದು ಬಳುಕು ಇರಲಿ, ತಂತಿ ಹಿಡಿದು ಇಳಿದ ನೀರು ಅಲ್ಲಿಂದ ಕೆಳಗೆ ತೊಟ್ಟಿಕ್ಕುತ್ತದೆ. ಎರಡನೆಯದು, ಈ ಮೈಕುಗಳ ರೇಡಿಯೋ ಅಲೆ ನೀರಿನೊಳಗೆ ಹೋಗುವುದಿಲ್ಲ. ಕ್ಯಾಮೆರಾ ಮುಳುಗಿದ ಕೂಡಲೇ ಸಂಪರ್ಕ ಕಡಿಯುತ್ತದೆ. ಮನುಷ್ಯನ ಮೈಯೂ ಅದಕ್ಕೆ ಅಡ್ಡ. ಟ್ರಾನ್ಸ್‌ಮಿಟರ್ ಬೆನ್ನಿಗೂ ಕ್ಯಾಮೆರಾ ಎದುರಿಗೂ ಇದ್ದರೆ ಮಾತು ತುಂಡು ತುಂಡಾಗಿ ಬರುತ್ತದೆ.

ಜೇಬಿನಲ್ಲೊಂದು ಹಳೆ ಮೊಬೈಲು

ಎಲ್ಲ ದಾರಿಗಳ ನಡುವೆ ನನಗೆ ಅತಿ ಹೆಚ್ಚು ನಂಬಿಕೆ ಇರುವುದು ಇದರ ಮೇಲೆ: ಚಿತ್ರವನ್ನು ಕ್ಯಾಮೆರಾಕ್ಕೆ ಬಿಡಿ, ದನಿಯನ್ನು ಬೇರೆ ಹಿಡಿಯಿರಿ. ರೆಕಾರ್ಡರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮನೆಯಲ್ಲಿ ಬಿದ್ದಿರುವ ಹಳೆ ಮೊಬೈಲು, ಅದಕ್ಕೊಂದು ತಂತಿಯ ಕಾಲರ್ ಮೈಕು. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ರೆಕಾರ್ಡಿಂಗ್ ಆ್ಯಪಿನಲ್ಲಿ ವೇವ್ ಫೈಲು, 48000 ಹರ್ಟ್ಸ್ ಆರಿಸಿ (ವಿಡಿಯೋದ ಲೆಕ್ಕವೂ ಅದೇ), ಮಾತಾಡುವವರ ಜೇಬಿಗೆ ಇಳಿಬಿಡಿ. ಕ್ಯಾಮೆರಾವನ್ನೂ ಶುರು ಮಾಡಿ, ಅದರ ಎದುರಿಗೆ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಎಡಿಟಿಂಗಿನಲ್ಲಿ ಎರಡೂ ದನಿಪಟ್ಟಿಗಳಲ್ಲಿ ಚಪ್ಪಾಳೆ ಎದ್ದು ಕಾಣುತ್ತದೆ. ಒಂದರ ಕೆಳಗೆ ಒಂದನ್ನು ಸರಿಸಿ ಕೂರಿಸಿ, ಕ್ಯಾಮೆರಾದ ಮುಚ್ಚಿದ ದನಿಯನ್ನು ತಗ್ಗಿಸಿ. ಕ್ಯಾಮೆರಾ ಪೆಟ್ಟಿಗೆಯೊಳಗೆ ಇದ್ದರೂ ಚಪ್ಪಾಳೆ ಗುರುತು ಹಿಡಿಯುವಷ್ಟು ಬಿದ್ದೇ ಬೀಳುತ್ತದೆ. ಇದರಿಂದಾಗಿ ಹಳೆಯ, ಅಗ್ಗದ ಕ್ಯಾಮೆರಾದವರೂ ಪೆಟ್ಟಿಗೆ ಹಾಕಿಯೇ ತಿಳಿಯಾದ ಮಾತು ಪಡೆಯಬಹುದು.

ಇದರ ಕೊರತೆ ಎಡಿಟಿಂಗಿನ ಹೊತ್ತು. ಮತ್ತೊಂದು, ಎರಡು ಯಂತ್ರಗಳ ಗಡಿಯಾರ ಕೂದಲೆಳೆಯಷ್ಟು ಬೇರೆ ಓಡುತ್ತದೆ. ಉದ್ದದ ರೆಕಾರ್ಡಿಂಗಿನಲ್ಲಿ ಕೊನೆಗೆ ಬರುವಾಗ ತುಟಿಗೂ ಮಾತಿಗೂ ಹೊಂದುವುದಿಲ್ಲ. ಒಂದು ಕೆಲಸ ಮುಗಿದಾಗಲೆಲ್ಲ ಮತ್ತೆ ಚಪ್ಪಾಳೆ ತಟ್ಟಿಟ್ಟರೆ ತುಂಡು ಮಾಡಿ ಹೊಂದಿಸಬಹುದು.

ಆಟಕ್ಕೆ ಇದೇ ದಾರಿ ಇನ್ನೂ ಚೆನ್ನಾಗಿ ಒದಗುತ್ತದೆ. ಕ್ಯಾಮೆರಾ ತಾನಾಗಿ ದನಿ ಏರಿಸಿ ಇಳಿಸುತ್ತಿರುತ್ತದೆ. ಚೆಂಡೆಗೆ ಪೆಟ್ಟು ಬಿದ್ದಾಗ ಇಳಿಸುತ್ತದೆ, ಆ ಇಳಿತದಲ್ಲಿ ಭಾಗವತರ ದನಿ ಅಡಗಿಹೋಗುತ್ತದೆ, ಮತ್ತೆ ಏರುವಷ್ಟರಲ್ಲಿ ಇನ್ನೊಂದು ಪೆಟ್ಟು. ಕೇಳುವವರು ಇದನ್ನೂ ‘ಮುಚ್ಚಿದ ದನಿ’ ಎಂದೇ ಹೇಳುತ್ತಾರೆ, ಕಾರಣ ಮಾತ್ರ ಬೇರೆ. ಸೌಂಡ್‌ನವರ ಹತ್ತಿರ ಮೊದಲೇ ಹೋಗಿ ಮಾತಾಡಿ. ಮಿಕ್ಸರಿನಿಂದ ರೆಕಾರ್ಡರಿಗೆ ಒಂದು ಲೈನ್ ಕೊಟ್ಟರೆ ಭಾಗವತಿಕೆ, ಮದ್ದಳೆ, ಅರ್ಥ ಎಲ್ಲವೂ ಬಿಡಿಬಿಡಿಯಾಗಿ ಕೇಳುತ್ತದೆ. ಸಿಗದಿದ್ದರೆ ರೆಕಾರ್ಡರನ್ನು ಚೆಂಡೆಯಿಂದ ದೂರ, ರಂಗದ ಎದುರು ಎತ್ತರದಲ್ಲಿಟ್ಟು, ಮಟ್ಟವನ್ನು ಕೈಯಲ್ಲೇ ತಗ್ಗಿಸಿಟ್ಟುಕೊಳ್ಳಿ. ತಗ್ಗಿದ್ದನ್ನು ಆಮೇಲೆ ಏರಿಸಬಹುದು, ಮಟ್ಟ ಮೀರಿ ಒಡೆದ ಚೆಂಡೆಯ ಪೆಟ್ಟನ್ನು ಯಾರೂ ಕೂಡಿಸಲಾರರು. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಆಟದ ರೆಕಾರ್ಡಿಂಗಿಗೆ ಇಷ್ಟು ಕಾಳಜಿ ಹೆಚ್ಚೇನಲ್ಲ.

ಸುರಂಗದೊಳಗೆ

ಈ ಹೋಲಿಕೆಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವ ಜಾಗ ಇದು. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ತರುವ ಸುರಂಗಗಳು ನಮ್ಮ ಈ ಸೀಮೆಯ ಹೆಗ್ಗುರುತು. ಕೊರೆಯಬಲ್ಲವರು ಕಡಿಮೆಯಾಗುತ್ತಿದ್ದಾರೆ, ಇರುವವರಿಗೆ ವಯಸ್ಸಾಗಿದೆ. ಯಾವ ಪದರದಲ್ಲಿ ನೀರು ಸಿಗುತ್ತದೆ, ಮಣ್ಣಿನ ಬಣ್ಣ ಏನು ಹೇಳುತ್ತದೆ, ಮೊಂಬತ್ತಿ ಮಂಕಾದರೆ ಯಾಕೆ ಕೂಡಲೇ ಹೊರಗೆ ಬರಬೇಕು, ಇದೆಲ್ಲ ಅವರ ಬಾಯಲ್ಲೇ ಇದೆ. ಅದನ್ನು ಹಿಡಿಯಲು ಹೋದವರ ವಿಡಿಯೋಗಳಲ್ಲಿ ಪಿಕ್ಕಾಸಿನ ಪೆಟ್ಟು ಕೇಳುತ್ತದೆ, ಅಜ್ಜನ ಮಾತು ಕೇಳುವುದಿಲ್ಲ ಎಂದರೆ ನಷ್ಟ ದೊಡ್ಡದು.

ಸುರಂಗದ ಒಳಗೆ ಬೀಸುವ ಗಾಳಿ ಇಲ್ಲ, ಮಳೆ ಇಲ್ಲ. ತೊಟ್ಟಿಕ್ಕುವ ನೀರು, ಕಾಲಡಿಯ ಕೆಸರು ಇಷ್ಟೇ. ಹಾಗಾಗಿ ಪೆಟ್ಟಿಗೆ ಬೇಡವೇ ಬೇಡ. ಮೈ ವಾಟರ್‌ಪ್ರೂಫ್ ಅಲ್ಲದ ಕ್ಯಾಮೆರಾಕ್ಕೂ ಮೇಲಿನಿಂದ ಒಂದು ಪ್ಲಾಸ್ಟಿಕ್ ಹಾಳೆಯ ಮರೆ ಸಾಕಾಗುತ್ತದೆ. ಆದರೆ ಪೆಟ್ಟಿಗೆ ತೆಗೆದ ಮಾತ್ರಕ್ಕೆ ದನಿ ಸರಿಯಾಗುವುದಿಲ್ಲ. ಕಿರಿದಾದ ಗೋಡೆಗಳಿಗೆ ಬಡಿದ ಮಾತು ಮತ್ತೆ ಮತ್ತೆ ತಿರುಗಿ ಬರುತ್ತದೆ, ಕೆಳದನಿ ತುಂಬಿಕೊಂಡು ಗುಂಯ್‌ಗುಡುತ್ತದೆ. ಮಾತಾಡುವವರಿಂದ ನಾಲ್ಕು ಹೆಜ್ಜೆ ಹಿಂದೆ ಇರುವ ಕ್ಯಾಮೆರಾಕ್ಕೆ ಬಾಯಿಂದ ನೇರ ಬಂದ ಮಾತಿಗಿಂತ ಗೋಡೆಯಿಂದ ಬಂದದ್ದೇ ಹೆಚ್ಚು. ಇಲ್ಲಿ ಕ್ಯಾಮೆರಾ ಎಷ್ಟು ಬೆಲೆಯದ್ದಾದರೂ ಪ್ರಯೋಜನವಿಲ್ಲ. ಮೈಕು ಬಾಯಿಯ ಹತ್ತಿರ, ಒಂದು ಗೇಣಿನ ಒಳಗೆ ಇರಬೇಕು.

ವೈರ್‌ಲೆಸ್ಸಿಗೆ ಸುರಂಗದ ತಿರುವು ಅಡ್ಡ. ಒಂದು ಬಾಗು ದಾಟಿದರೆ ಸಂಪರ್ಕ ಹೋಗಬಹುದು. ಡಿಜೆಐ ಮೈಕ್ 2ರ ಹಾಗೆ ಟ್ರಾನ್ಸ್‌ಮಿಟರಿನಲ್ಲೇ ರೆಕಾರ್ಡ್ ಆಗುವ ಮಾದರಿಯಾದರೆ ಅದನ್ನು ಆನ್ ಮಾಡಿಟ್ಟು ನಿಶ್ಚಿಂತೆಯಿಂದಿರಬಹುದು. ಇಲ್ಲದಿದ್ದರೆ ಜೇಬಿನ ಮೊಬೈಲೇ ಮೇಲು. ಅಜ್ಜ ಅಂಗಿ ಇಲ್ಲದೆ, ಬೈರಾಸು (ಟವೆಲು) ಸುತ್ತಿ ಕೆಲಸ ಮಾಡುವವರಾದರೆ ಕಾಲರ್ ಎಲ್ಲಿಂದ ಬರಬೇಕು? ತಲೆಗೆ ಕಟ್ಟಿದ ಬೈರಾಸಿನ ಅಂಚಿಗೆ, ಹಣೆಯ ಬಳಿ ಮೈಕು ಸಿಕ್ಕಿಸಿ. ತಂತಿಯನ್ನು ಬೆನ್ನ ಮೇಲಿಂದ ಇಳಿಸಿ, ಮೊಬೈಲನ್ನು ಚೀಲದಲ್ಲಿ ಹಾಕಿ ಸೊಂಟಕ್ಕೆ ಕಟ್ಟಿ. ಬೆವರು ಇಳಿಯುವ ಜಾಗ ಬಿಟ್ಟು ಸ್ವಲ್ಪ ಬದಿಗಿರಲಿ. ಅವರು ಕನ್ನಡ, ತುಳು, ಮಲಯಾಳ ಒಂದೇ ಉಸಿರಲ್ಲಿ ಬೆರೆಸಿ ಮಾತಾಡುತ್ತಾರೆ. ಮುಂದೆ ಯಾರಾದರೂ ಕೇಳಿ ಬರೆದುಕೊಳ್ಳಬೇಕಾದರೆ ಒಂದೊಂದು ವ್ಯಂಜನವೂ ಕೇಳಬೇಕು.

ಒಂದು ಸಣ್ಣ ಉಪಾಯ: ಕೆಲಸದ ದೃಶ್ಯ ಮುಗಿದ ಮೇಲೆ ಅವರನ್ನು ಸುರಂಗದ ಬಾಯಿಯಲ್ಲಿ ಕೂರಿಸಿ, ಅದೇ ವಿಷಯವನ್ನು ಇನ್ನೊಮ್ಮೆ ಹೇಳಿಸಿ. ಒಳಗಿನ ಚಿತ್ರದ ಮೇಲೆ ಹೊರಗಿನ ಮಾತನ್ನು ಕೂರಿಸಬಹುದು.

ಕಡಲು, ಕಂಬಳ

ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕ ಟ್ರಾಲಿಂಗ್ ಬೋಟುಗಳಿಗೆ ನಿಷೇಧ. ಆ ಹೊತ್ತಿಗೆ ಕಡಲಿಗೆ ಹೋಗುವುದು ನಾಡದೋಣಿಗಳು. ಅಲೆಯ ಹೊಡೆತಕ್ಕೆ ಕ್ಯಾಮೆರಾ ಸಿಕ್ಕುವುದು ಆಗಲೇ, ಮತ್ತು ಪೆಟ್ಟಿಗೆ ಹಾಕುವುದಕ್ಕೆ ನಿಜವಾದ ಕಾರಣ ಇರುವುದೂ ಆಗಲೇ. ಪೆಟ್ಟಿಗೆ ಹಾಕಿ, ದನಿಯನ್ನು ಬೇರೆ ಹಿಡಿಯಿರಿ. ಕ್ಯಾಮೆರಾವನ್ನು ದೋಣಿಯ ಮರಕ್ಕೆ ನೇರ ಬಿಗಿದರೆ ಎಂಜಿನ್ನಿನ ನಡುಕ ಪೂರ್ತಿ ದನಿಗೆ ಇಳಿಯುತ್ತದೆ, ನಡುವೆ ಹಳೆ ಸೈಕಲ್ ಟ್ಯೂಬಿನ ಎರಡು ಮಡಿಕೆ ಇರಲಿ. ಕಾಲರ್ ಮೈಕಿಗೆ ತುಪ್ಪಳದ ಟೋಪಿ ಹಾಕಿ ಅಂಗಿಯ ಒಳಬದಿಗೆ ಸಿಕ್ಕಿಸಿದರೆ ಗಾಳಿಯ ಭರಭರ ಬಹಳ ಮಟ್ಟಿಗೆ ನಿಲ್ಲುತ್ತದೆ. ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಗಾಳಿ ಸದ್ದು ತಗ್ಗಿಸುವುದನ್ನು ದೋಣಿಯಲ್ಲಿ ಆನ್ ಇಡಿ, ಗಾಳಿ ಇಲ್ಲದಲ್ಲಿ ಆಫ್ ಮಾಡಿ. ಆಟೋದಲ್ಲಿ ಬಿಟ್ಟರೆ ಮಾತಿನ ನಡುವೆಯೇ ದನಿಯ ಬಣ್ಣ ಬದಲಾಗುತ್ತಿರುತ್ತದೆ.

ಕಂಬಳದಲ್ಲಿ ಕೋಣ ಓಡುವ ಕರೆಯ ಅಂಚಿಗೆ ಇಟ್ಟ ಕ್ಯಾಮೆರಾಕ್ಕೆ ಕೆಸರು ಎರಚುತ್ತದೆ. ಪೆಟ್ಟಿಗೆ ಇಲ್ಲದಿದ್ದರೆ ಕೆಸರು ಮೈಕಿನ ತೂತಿಗೆ ಕೂರುತ್ತದೆ. ಬೆರಳಲ್ಲಿ ಉಜ್ಜಬೇಡಿ, ಬಕೆಟ್ ನೀರಲ್ಲಿ ಮುಳುಗಿಸಿ ಅಲ್ಲಾಡಿಸಿ. ಅಲ್ಲಿ ಬೇಕಾದದ್ದು ಕೋಣಗಳ ಓಟದ ಸದ್ದು, ಜನರ ಕೂಗು. ಮಾತು ಹಿಡಿಯುವ ಅಗತ್ಯ ಇಲ್ಲದ್ದರಿಂದ ಮೈಕಿಗೆ ಖರ್ಚು ಮಾಡಬೇಡಿ.

ನೀರಿನೊಳಗಿನ ದನಿಯ ಬಗ್ಗೆ ಒಂದೇ ಮಾತು. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುವ ದನಿ ನೀರಲ್ಲಿ ಸುಮಾರು 1500 ಮೀಟರ್ ಓಡುತ್ತದೆ, ಆದರೆ ಗಾಳಿಗೂ ನೀರಿಗೂ ನಡುವಿನ ಗೆರೆಯನ್ನು ದಾಟುವಾಗ ಅದರ ಬಲದಲ್ಲಿ ಸಾವಿರದ ಒಂದು ಪಾಲಿನಷ್ಟು ಮಾತ್ರ ಆಚೆ ಹೋಗುತ್ತದೆ. ದಡದಲ್ಲಿ ಕೂಗಿದ್ದು ಮುಳುಗಿದ ಕ್ಯಾಮೆರಾಕ್ಕೆ ಕೇಳದಿರುವುದು ಕ್ಯಾಮೆರಾದ ದೋಷವಲ್ಲ. ನೀರಿನ ದನಿಯೇ ಬೇಕಾದವರಿಗೆ ಹೈಡ್ರೋಫೋನ್ ಎಂಬ ಬೇರೆ ಮೈಕು ಇದೆ.

ಈಗಾಗಲೇ ಹಿಡಿದಾಗಿದೆ, ಏನು ಮಾಡುವುದು?

ಹಣ ಕೊಡದೆ ಸಿಗುವ ಆಡಾಸಿಟಿ ಎಂಬ ದನಿ ತಿದ್ದುವ ತಂತ್ರಾಂಶ ಸಾಕು. ಮೊದಲು ಹಿನ್ನೆಲೆಯ ಸುಯ್ ಸದ್ದನ್ನು ಸ್ವಲ್ಪ ತಗ್ಗಿಸಿ. ಇದನ್ನು ಆಮೇಲೆ ಮಾಡಿದರೆ ಏರಿಸಿದ ಸುಯ್ ಸದ್ದನ್ನೇ ಮತ್ತೆ ತಗ್ಗಿಸಬೇಕಾಗುತ್ತದೆ. ಬಳಿಕ ಈಕ್ವಲೈಝರಿನಲ್ಲಿ 80ರಿಂದ 100 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, 200ರಿಂದ 400ರ ನಡುವೆ 3–4 ಡೆಸಿಬಲ್ ಇಳಿಸಿ, 3000ದಿಂದ 6000ದ ನಡುವೆ 4ರಿಂದ 6 ಡೆಸಿಬಲ್ ಏರಿಸಿ. ಕಿವಿಯಲ್ಲಿ ಕೇಳುತ್ತ ಮಾಡಿ, ಅಂಕಿ ನೋಡುತ್ತ ಅಲ್ಲ. ಪೆಟ್ಟಿಗೆಯಿಂದ ಮಂಕಾದ ಮಾತಿಗೆ ಇದರಿಂದ ಜೀವ ಬರುತ್ತದೆ. ಆದರೆ ‘ಸ’ ಎನ್ನುವುದು ಮೈಕಿಗೆ ಬಿದ್ದೇ ಇಲ್ಲದಿದ್ದರೆ ಏರಿಸಿದಷ್ಟೂ ಸುಯ್ ಸದ್ದು ಮಾತ್ರ ಏರುತ್ತದೆ. ಮಾತನ್ನು ತಿಳಿಗೊಳಿಸುವ ಎಐ ಸಾಧನಗಳು ಸಂದರ್ಶನಕ್ಕೆ ಒದಗುತ್ತವೆ. ಆಟದ ರೆಕಾರ್ಡಿಂಗನ್ನು ಅದಕ್ಕೆ ಕೊಟ್ಟರೆ ಚೆಂಡೆ, ಚಕ್ರತಾಳಗಳನ್ನು ಗದ್ದಲವೆಂದು ಅಳಿಸಿಬಿಡುವುದುಂಟು. ಯಾವುದನ್ನು ಮಾಡಿದರೂ ಮೂಲ ಫೈಲನ್ನು ಹಾಗೆಯೇ ಇಟ್ಟುಕೊಳ್ಳಿ.

ಕೊಳ್ಳುವವರಿಗೆ

ದುಡ್ಡು ಖರ್ಚು ಮಾಡಲೇಬೇಕು ಎಂದಿದ್ದರೆ ನನ್ನ ಕ್ರಮ ಹೀಗೆ: ಮೊದಲು ಸಿಲಿಕಾ ಜೆಲ್ ಮತ್ತು ಡಬ್ಬ, ಆಮೇಲೆ ತಂತಿಯ ಕಾಲರ್ ಮೈಕು, ಅದಾದ ಮೇಲೆ ರೆಕಾರ್ಡರ್ ಅಥವಾ ಒಳಗೇ ರೆಕಾರ್ಡ್ ಆಗುವ ವೈರ್‌ಲೆಸ್, ಕ್ಯಾಮೆರಾ ಎಲ್ಲಕ್ಕಿಂತ ಕೊನೆಗೆ. ಹೊಸ ಕ್ಯಾಮೆರಾ ಕೊಳ್ಳುವಾಗ ಕೇಳಬೇಕಾದದ್ದು: ಬಾಗಿಲು ಮುಚ್ಚಿಟ್ಟು ಹೊರಗಿನ ಮೈಕು ಸೇರುತ್ತದೆಯೇ, ಗಾಳಿ ಸದ್ದಿನ ಸೆಟ್ಟಿಂಗನ್ನು ಕೈಯಲ್ಲಿ ಬದಲಿಸಲು ಬರುತ್ತದೆಯೇ, ಬ್ಯಾಟರಿ ಬಾಗಿಲು ಬಿಡಿಯಾಗಿ ಸಿಗುತ್ತದೆಯೇ. ಬಾಗಿಲಿನ ರಬ್ಬರ್ ವಾಷರಿಗೆ ಒಂದು ಕೂದಲು, ಒಂದು ಮರಳ ಕಣ ಸಿಕ್ಕಿದರೂ ನೀರು ಒಳಗೆ ಬರುತ್ತದೆ. ಹಾಗಾಗಿ ಬಾಗಿಲು ಬದಲಿಸುವ ಕಾಲ ಬಂದೇ ಬರುತ್ತದೆ.

ಬೇರೆಯವರು ಬಳಸಿದ್ದನ್ನು ಕೊಳ್ಳುವುದಾದರೆ ಹಗಲು ಹೊತ್ತಿನಲ್ಲಿ ಹೋಗಿ. ಬಾಗಿಲು ತೆರೆದು ವಾಷರನ್ನೂ ಲೋಹದ ತುದಿಗಳನ್ನೂ ನೋಡಿ. ಹಸಿರು ಅಥವಾ ಬಿಳಿ ಕಲೆ ಇದ್ದರೆ ಒಳಗೆ ಉಪ್ಪುನೀರು ಹೋಗಿದೆ. ಮೈಕಿನ ತೂತನ್ನು ಟಾರ್ಚ್ ಬಿಟ್ಟು ನೋಡಿ, ಯಾರಾದರೂ ಸೂಜಿ ಹಾಕಿದ ಗುರುತಿದೆಯೇ ಎಂದು. ಚಕ್ಕುಲಿಯ ಆ ವಾಕ್ಯವನ್ನು ರೆಕಾರ್ಡ್ ಮಾಡಿ, ನಿಮ್ಮದೇ ಮೊಬೈಲಿಗೆ ಹಾಕಿಸಿಕೊಂಡು, ಇಯರ್‌ಫೋನಿನಲ್ಲಿ ಕೇಳಿದ ಮೇಲೆಯೇ ದುಡ್ಡು ಎಣಿಸಿ.